ಏಪ್ರಿಲ್‌ನ ಸೆಕೆಯಲ್ಲೂ ನಿಲ್ಲುವ ವೇಗ

ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ ವೇಗಕ್ಕಿಂತ ಜೋರಾಗಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಹೊಸದಾಗಿ ಡೆಸ್ಕ್‌ಟಾಪ್ ಜೋಡಿಸಿಕೊಂಡ ಹುಡುಗರಿಗೆ ಇದರ ಆಸೆ ಹುಟ್ಟುವುದು ಸಹಜ. ಯೂಟ್ಯೂಬಿನಲ್ಲಿ ಕಂಡ ಅಂಕಿಗಳನ್ನು ಹಾಗೇ ತಮ್ಮ ಯಂತ್ರಕ್ಕೆ ಹಾಕಿಬಿಡುವುದೂ ಅಷ್ಟೇ ಸಹಜ. ಆದರೆ ಆ ಅಂಕಿಗಳು ಸಾಮಾನ್ಯವಾಗಿ ಎಸಿ ಹಾಕಿದ ಕೋಣೆಯಲ್ಲಿ ಇಲ್ಲವೇ ತಣ್ಣನೆಯ ದೇಶದಲ್ಲಿ ಬಂದಂಥವು. ಶಿವಮೊಗ್ಗದ ವಿದ್ಯಾನಗರದಲ್ಲೋ ಭದ್ರಾವತಿಯಲ್ಲೋ ತಾರಸಿಯ ಕೆಳಗಿನ ರೂಮಿನಲ್ಲಿ ಕೂತು ಮೊದಲ ಸಲ ಇದಕ್ಕೆ ಕೈಹಾಕುವವರು ವೇಗದ ಗುರಿಯನ್ನು ಪಕ್ಕಕ್ಕಿಟ್ಟು, ಬಿಸಿ ಮತ್ತು ವೋಲ್ಟೇಜನ್ನು ಅಳೆಯುವುದರಿಂದ ಶುರುಮಾಡಬೇಕು ಎಂಬುದು ನನ್ನ ವಾದ. ಅಷ್ಟೇ ಅಲ್ಲ, ಅವರ ಮೊದಲ ಪ್ರಯೋಗ ವೋಲ್ಟೇಜ್ ಏರಿಸುವುದಾಗಿರದೆ ಇಳಿಸುವುದಾಗಿರಬೇಕು.

ವೇಗದ ಲೆಕ್ಕ ಸರಳ. ಇಂದಿನ ಬಹುತೇಕ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ 100 ಮೆಗಾಹರ್ಟ್ಸ್‌ನ ಒಂದು ಮೂಲ ಬಡಿತವಿರುತ್ತದೆ. ಅದನ್ನು 50ರಿಂದ ಗುಣಿಸಿದರೆ 5 ಗಿಗಾಹರ್ಟ್ಸ್. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಕೀಲಿ ಒತ್ತುತ್ತಿದ್ದರೆ ಬಯೋಸ್ ಎಂಬ ಸೆಟ್ಟಿಂಗ್‌ಗಳ ಪರದೆ ತೆರೆದುಕೊಳ್ಳುತ್ತದೆ. ಅಲ್ಲಿ ಕೋರ್ ರೇಷಿಯೋ ಎಂಬ ಸಾಲಿನಲ್ಲಿ 50 ಇದ್ದದ್ದನ್ನು 51 ಮಾಡಿ, ಎಫ್10 ಒತ್ತಿ ಹೊರಬಂದರೆ ಓವರ್‌ಕ್ಲಾಕ್ ಆದಂತೆಯೇ. ಎಲ್ಲ ಚಿಪ್‌ಗಳೂ ಇದಕ್ಕೆ ಒಪ್ಪುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವವು, ಅದೂ ‘ಝಡ್’ ಸರಣಿಯ ಮದರ್‌ಬೋರ್ಡ್ ಮೇಲೆ. ಎಎಂಡಿ ರೈಜನ್‌ನಲ್ಲಿ ಬಹುತೇಕ ಎಲ್ಲವೂ, ಆದರೆ ‘ಬಿ’ ಅಥವಾ ‘ಎಕ್ಸ್’ ಸರಣಿಯ ಬೋರ್ಡ್ ಬೇಕು. ಲ್ಯಾಪ್‌ಟಾಪ್ ಇರುವವರು ಈ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ಕಷ್ಟ ಇರುವುದು ಬಿಸಿಯ ಲೆಕ್ಕದಲ್ಲಿ. ವೇಗ ಹೆಚ್ಚಿದಷ್ಟೂ ಚಿಪ್ ಹೆಚ್ಚು ವೋಲ್ಟೇಜ್ ಕೇಳುತ್ತದೆ. ಅದು ಸುಡುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜಿನ ಜೊತೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಎರಡನ್ನೂ ಶೇ 10ರಷ್ಟು ಹೆಚ್ಚಿಸಿದರೆ 100 ವ್ಯಾಟ್‌ನ ಚಿಪ್ ಸುಮಾರು 133 ವ್ಯಾಟ್ ಬಿಸಿ ಕಾರುತ್ತದೆ. ಹತ್ತರ ಲಾಭಕ್ಕೆ ಮೂವತ್ತಮೂರರ ಖರ್ಚು. 2022ರ ಕೊನೆಯಲ್ಲಿ ಇಂಟೆಲ್‌ನ ಕೋರ್ ಐ9 13900ಕೆ 9 ಗಿಗಾಹರ್ಟ್ಸ್ ದಾಟಿದಾಗ ಅದನ್ನು ತಂಪಾಗಿಡಲು ದ್ರವ ಹೀಲಿಯಂ ಬೇಕಾಯಿತು. ನಮ್ಮ ರೂಮಿನಲ್ಲಿರುವುದು ಒಂದು ಫ್ಯಾನು, ಅದು ತಳ್ಳುವುದು ರೂಮಿನದೇ ಗಾಳಿ. 23 ಡಿಗ್ರಿಯ ಕೋಣೆಯಲ್ಲಿ 82 ಡಿಗ್ರಿ ತೋರಿಸಿದ ಪ್ರೊಸೆಸರ್, ಅದೇ ಕೂಲರ್ ಮತ್ತು ಅದೇ ಕೆಲಸ ಇಟ್ಟುಕೊಂಡು 36 ಡಿಗ್ರಿಯ ಏಪ್ರಿಲ್ ಮಧ್ಯಾಹ್ನದಲ್ಲಿ 95ರ ಆಸುಪಾಸಿಗೆ ಹೋಗುತ್ತದೆ. ರೈಜನ್ 7000 ಸರಣಿಯ ಹಲವು ಚಿಪ್‌ಗಳಿಗೆ 95 ಡಿಗ್ರಿಯೇ ಮೇರೆ. ಡಿಸೆಂಬರಿನ ಚಳಿಯಲ್ಲಿ ಅಲುಗಾಡದೆ ನಿಂತ ಓವರ್‌ಕ್ಲಾಕ್ ಯುಗಾದಿ ಕಳೆದ ಮೇಲೆ ಕೈಕೊಡುವುದು ಇದೇ ಕಾರಣಕ್ಕೆ.

‘ಮಿತಿ ಮೀರಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದಲ್ಲ, ಭಯ ಏಕೆ?’ ಎಂದು ಕೇಳುವವರಿದ್ದಾರೆ. ಬಿಸಿಯ ಮಟ್ಟಿಗೆ ಅದು ನಿಜ. ಆದರೆ ಹೆಚ್ಚಿನ ವೋಲ್ಟೇಜ್ ಮಾಡುವ ಹಾನಿ ಆ ಕ್ಷಣದಲ್ಲಿ ಕಾಣುವುದಿಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಚಿಪ್‌ಗಳು ಕೆಲವು ತಿಂಗಳು ಚೆನ್ನಾಗಿ ನಡೆದು ಆಮೇಲೆ ಕುಸಿಯತೊಡಗಿದವು. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿತ್ತೆಂದು ಕಂಪನಿ 2024ರಲ್ಲಿ ಒಪ್ಪಿಕೊಂಡು, ಚಿಪ್ ನಡೆಸುವ ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಯಾರಕರದೇ ಲೆಕ್ಕ ಹೀಗೆ ತಪ್ಪಬಹುದಾದರೆ, ಮೊದಲ ಸಲ ಬಯೋಸ್ ತೆರೆದವರು 1.40 ವೋಲ್ಟ್ ಎಂದು ಬರೆದು ನೆಮ್ಮದಿಯಿಂದಿರಲು ಸಾಧ್ಯವಿಲ್ಲ. ಓವರ್‌ಕ್ಲಾಕ್‌ನಿಂದ ಕೆಟ್ಟ ಚಿಪ್‌ಗೆ ವಾರಂಟಿ ಸಿಗುವುದೂ ಇಲ್ಲ.

ಹಾಗಾಗಿ ಮೊದಲ ಹೆಜ್ಜೆ ಕೆಳಮುಖವಾಗಿರಲಿ. ಪ್ರತಿ ಚಿಪ್ಪಿಗೂ ಕಂಪನಿ ಸ್ವಲ್ಪ ಹೆಚ್ಚೇ ವೋಲ್ಟೇಜ್ ಕೊಟ್ಟು ಕಳಿಸಿರುತ್ತದೆ, ಏಕೆಂದರೆ ಒಂದೇ ಮಾದರಿಯ ಎರಡು ಚಿಪ್‌ಗಳು ಒಂದೇ ಥರ ಇರುವುದಿಲ್ಲ. 1.25 ವೋಲ್ಟ್ ಇದ್ದದ್ದನ್ನು 1.15ಕ್ಕೆ ಇಳಿಸಲು ಸಾಧ್ಯವಾದರೆ ಬಿಸಿ ಸುಮಾರು ಶೇ 15ರಷ್ಟು ಕಡಿಮೆಯಾಗುತ್ತದೆ. ಇಂದಿನ ಪ್ರೊಸೆಸರುಗಳು ಬಿಸಿ ಮತ್ತು ವಿದ್ಯುತ್ತಿನ ಮಿತಿ ಮುಟ್ಟುವವರೆಗೆ ತಾವಾಗಿ ವೇಗ ಏರಿಸಿಕೊಳ್ಳುವುದರಿಂದ, ವೋಲ್ಟೇಜ್ ಇಳಿಸಿದರೆ ಎಷ್ಟೋ ಸಲ ವೇಗ ಏರುತ್ತದೆ! ರೈಜನ್‌ನ ಕರ್ವ್ ಆಪ್ಟಿಮೈಜರ್ ಎಂಬ ಸೌಲಭ್ಯ ಮಾಡುವುದು ಇದನ್ನೇ. ತೀರಾ ಇಳಿಸಿದರೆ ಕಂಪ್ಯೂಟರ್ ಹ್ಯಾಂಗ್ ಆಗಬಹುದು ಅಥವಾ ಆನ್ ಆಗದಿರಬಹುದು. ಆಗ ಮೇನ್ ಸ್ವಿಚ್ ಆರಿಸಿ, ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಕೆಲ ನಿಮಿಷ ತೆಗೆದಿಟ್ಟರೆ ಸಾಮಾನ್ಯವಾಗಿ ಎಲ್ಲ ಮೊದಲಿನಂತಾಗುತ್ತದೆ. ಚಿಪ್‌ಗೆ ಪೆಟ್ಟಾಗುವುದಿಲ್ಲ. ಕಲಿಯುವವರಿಗೆ ಬೇಕಾದದ್ದು ಇಂಥ ತಪ್ಪುಗಳೇ. ಬಯೋಸ್ ಅಪ್‌ಡೇಟ್ ಮಾತ್ರ ಬೇರೆ ವಿಷಯ: ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಮಲೆನಾಡಿನಲ್ಲಿ ಯುಪಿಎಸ್ ಇಲ್ಲದೆ ಅದನ್ನು ಮಾಡಲೇಬಾರದು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಇಷ್ಟೇ ಆದರೆ ಓವರ್‌ಕ್ಲಾಕ್ ಯಾಕೆ ಬೇಕು? 1998ರಲ್ಲಿ ಬಂದ ಸೆಲೆರಾನ್ 300ಎ ಚಿಪ್ಪನ್ನು 300 ಮೆಗಾಹರ್ಟ್ಸ್‌ನಿಂದ 450ಕ್ಕೆ ಏರಿಸಿ, ಅಗ್ಗದ ಚಿಪ್‌ನಲ್ಲಿ ದುಬಾರಿ ಚಿಪ್‌ನ ಕೆಲಸ ತೆಗೆದವರು ಬಹಳ ಮಂದಿ. ಆ ಕಾಲ ಮುಗಿಯಿತು. ಉಳಿದಿದ್ದ ವೇಗವನ್ನೆಲ್ಲ ಈಗ ತಯಾರಕರೇ ಹಿಂಡಿ ಕೊಡುತ್ತಾರೆ, ಆಟಗಳಲ್ಲಿ ಹೆಚ್ಚಿನ ಸಲ ಗ್ರಾಫಿಕ್ಸ್ ಕಾರ್ಡೇ ನಿರ್ಣಾಯಕ. ನಾನು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಎಚ್‌ಡಬ್ಲ್ಯೂಇನ್ಫೋ ಎಂಬ ಅಳತೆಯ ತಂತ್ರಾಂಶ ತೆರೆದು ವ್ಯಾಟ್, ವೋಲ್ಟ್, ಡಿಗ್ರಿ ಮೂರನ್ನೂ ಒಟ್ಟಿಗೆ ನೋಡುತ್ತ ಒಂದೊಂದೇ ಹೆಜ್ಜೆ ಬದಲಿಸಿದಾಗ, ಪುಸ್ತಕದ ಸೂತ್ರ ಅವಳ ಕಣ್ಣೆದುರೇ ಕೆಲಸ ಮಾಡುತ್ತದೆ. ಈ ಪಾಠಕ್ಕೆ ಬೇರೆ ಪ್ರಯೋಗಾಲಯ ಬೇಕಿಲ್ಲ.

ಪರೀಕ್ಷೆಯಲ್ಲಿ ಮಾತ್ರ ಅವಸರ ಸಲ್ಲದು. ವಿಂಡೋಸ್ ತೆರೆದುಕೊಂಡಿತು ಎಂದರೆ ಓವರ್‌ಕ್ಲಾಕ್ ನಿಂತಿತು ಎಂದಲ್ಲ. ಅರೆಬರೆ ನಿಂತ ಪ್ರೊಸೆಸರ್ ಕೆಲವೊಮ್ಮೆ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ, ಪ್ರಾಜೆಕ್ಟಿನ ಫೈಲು ಹಾಳಾದ ಮೇಲಷ್ಟೇ ಅದು ಗೊತ್ತಾಗುತ್ತದೆ. ಪ್ರೈಮ್95 ಎಂಬ ಪರೀಕ್ಷಾ ತಂತ್ರಾಂಶ ತಾನು ಮಾಡಿದ ಗಣಿತವನ್ನು ತಾನೇ ತಾಳೆ ನೋಡುವುದರಿಂದ ಇಂಥ ತಪ್ಪು ಅಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಬೆಳಗಿನ ತಂಪಿನಲ್ಲಿ ನಡೆಸದೆ, ಮಧ್ಯಾಹ್ನ ಎರಡು ಗಂಟೆಗೆ, ಕ್ಯಾಬಿನೆಟ್ ಮುಚ್ಚಿ, ಧೂಳಿನ ಜಾಲರಿ ಇರುವಂತೆಯೇ ಕೆಲವು ಗಂಟೆ ನಡೆಸಬೇಕು. ಏಪ್ರಿಲ್‌ನಲ್ಲಿ ಮತ್ತೊಮ್ಮೆ. ಆಗ 51ರ ರೇಷಿಯೋ ತಡೆಯದಿದ್ದರೆ 50ಕ್ಕೆ ಇಳಿಯಿರಿ; ಅನೇಕ ಬಯೋಸ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ರೊಫೈಲ್ ಉಳಿಸಿಕೊಳ್ಳಬಹುದು, ಬೇಸಿಗೆಗೊಂದು, ಉಳಿದ ಕಾಲಕ್ಕೊಂದು.