ಬಚ್ಚಲ ಗೋಡೆಯ ಕಲೆ ಏನು ಹೇಳುತ್ತದೆ?

ಮಳೆಗಾಲ ಮುಗಿಯುವ ಹೊತ್ತಿಗೆ ಅನೇಕ ಮನೆಗಳ ಬಚ್ಚಲ ಗೋಡೆಯ ಮೇಲೆ ಕಲೆಗಳು ಮೂಡಿರುತ್ತವೆ. ಒಂದು ಮನೆಯಲ್ಲಿ ಕಪ್ಪು ಚುಕ್ಕೆ, ಇನ್ನೊಂದರಲ್ಲಿ ಹಳದಿ ಗೆರೆ, ಮತ್ತೊಂದರಲ್ಲಿ ಬಿಳಿ ಹುಡಿ. ಮನೆಯವರು ತಿಕ್ಕಿ ತೊಳೆಯುತ್ತಾರೆ, ದೀಪಾವಳಿಗೆ ಸುಣ್ಣವನ್ನೋ ಬಣ್ಣವನ್ನೋ ಬಳಿಯುತ್ತಾರೆ. ಕೆಲವೇ ವಾರಗಳಲ್ಲಿ ಕಲೆ ಅದೇ ಜಾಗದಲ್ಲಿ ಮತ್ತೆ ಹಾಜರು! ಆಗ, “ಡಾಕ್ಟರ್ರೀ, ಇದರಿಂದ ಹುಡುಗರಿಗೆ ಏನರ ಆಗ್ತದೇನ್ರಿ?” ಎಂಬ ಪ್ರಶ್ನೆ ಏಳುತ್ತದೆ.

ಜ್ವರ ಹೇಗೆ ಸ್ವತಃ ರೋಗವಲ್ಲವೋ, ರೋಗದ ಲಕ್ಷಣವೋ, ಗೋಡೆಯ ಕಲೆಯೂ ಹಾಗೆಯೇ. ಕಾರಣ ತಿಳಿಯದೆ ಕಲೆಯನ್ನು ಅಳಿಸುವುದೆಂದರೆ ಕಾರಣ ತಿಳಿಯದೆ ಜ್ವರದ ಗುಳಿಗೆ ನುಂಗಿದಂತೆ.

ನಮ್ಮಲ್ಲಿ ಏಕೆ ಹೆಚ್ಚು?

ರಾಷ್ಟ್ರಧ್ವಜ ಸಿದ್ಧಪಡಿಸುವ ಖಾದಿ ಕೇಂದ್ರದಿಂದ ದೇಶಕ್ಕೆಲ್ಲ ಪರಿಚಿತವಾದ ನಮ್ಮ ಬೆಂಗೇರಿಯೂ ಸೇರಿದಂತೆ ಹುಬ್ಬಳ್ಳಿಯ ಸುತ್ತಮುತ್ತ ಇರುವುದು ಹೆಚ್ಚಾಗಿ ಎರೆಮಣ್ಣು. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಬುನಾದಿ ಗಟ್ಟಿಯಿಲ್ಲದ ಮನೆಯ ಗೋಡೆಯೂ ಅದರೊಂದಿಗೆ ಸೀಳುತ್ತದೆ. ಆ ಸಣ್ಣ ಸೀಳಿನಲ್ಲಿ ಮಳೆಯ ನೀರು ಒಳಗೆ ಇಳಿಯುತ್ತದೆ.

ಎರಡನೆಯ ಕಾರಣ ನೀರಿನ ಸಂಗ್ರಹ. ನಳಕ್ಕೆ ದಿನವೂ ನೀರು ಬಾರದ ಓಣಿಗಳಲ್ಲಿ ಬಚ್ಚಲಲ್ಲೇ ಹೌದು, ಡ್ರಮ್ಮು, ಕೊಡಗಳ ಸಾಲು ಇರುತ್ತದೆ. ಹೌದಿನ ಗೋಡೆಯಿಂದ ನೀರು ಜಿನುಗುತ್ತದೆ, ಗಾಳಿ ಸದಾ ಒದ್ದೆಯಾಗಿರುತ್ತದೆ. ಮೇಲಿನ ಕಿಂಡಿಯನ್ನು ಚಳಿಗೆಂದೋ ಸೊಳ್ಳೆಗೆಂದೋ ಮುಚ್ಚಿಬಿಟ್ಟರೆ ಬಚ್ಚಲು ಒಣಗುವುದೇ ಇಲ್ಲ.

ಬಣ್ಣ ನೋಡಿ ಗುರುತಿಸಿ

ಕಪ್ಪು ಅಥವಾ ಹಸಿರು ಚುಕ್ಕೆಗಳು ಗುಂಪಾಗಿ ಹರಡುತ್ತಿದ್ದು ಹಳೆಯ ವಾಸನೆ ಬರುತ್ತಿದ್ದರೆ ಅದು ಬೂಷ್ಟು. ರೊಟ್ಟಿಗೆ, ಉಪ್ಪಿನಕಾಯಿಗೆ ಹತ್ತುವಂಥದೇ ಶಿಲೀಂಧ್ರ. ಗೋಡೆ ಒಂದೆರಡು ದಿನ ಒದ್ದೆಯಾಗಿಯೇ ಉಳಿದರೆ ಅದಕ್ಕೆ ಬೆಳೆಯಲು ಸಾಕು.

ಗೋಡೆಯ ಬುಡದಲ್ಲಿ ಬಿಳಿ ಹುಡಿ ಎದ್ದು ಗಿಲಾವು ಉದುರುತ್ತಿದ್ದರೆ ಅದು ಉಪ್ಪು. ನೆಲದಿಂದಲೋ ಒಡೆದ ಪೈಪಿನಿಂದಲೋ ಏರಿದ ನೀರು ಆರಿದ ಮೇಲೆ ಉಳಿದ ಲವಣ. ಚಿಟಿಕೆ ಹುಡಿಯನ್ನು ನೀರಿಗೆ ಹಾಕಿದರೆ ಕರಗುತ್ತದೆ, ಬೂಷ್ಟು ಕರಗದು. ಉಪ್ಪಿನಿಂದ ಆರೋಗ್ಯಕ್ಕೆ ತೊಂದರೆಯಿಲ್ಲ, ತೊಂದರೆ ಗೋಡೆಗೆ.

ಹೊಸದಾಗಿ ಬಣ್ಣ ಬಳಿದ ಗೋಡೆಯ ಮೇಲೆ ಕಂದು-ಹಳದಿ ಅಂಟು ಹನಿಗಳು ಇಳಿದಿದ್ದರೆ ಗಾಬರಿ ಬೇಡ. ಬಣ್ಣ ಪೂರ್ತಿ ಆರುವ ಮೊದಲೇ ಬಿಸಿನೀರಿನ ಹಬೆ ತಗುಲಿ ಅದರೊಳಗಿನ ಸಾಬೂನಿನಂಥ ಪದಾರ್ಥ ಹೊರಬಂದಿರುತ್ತದೆ. ಒದ್ದೆ ಅರಿವೆಯಿಂದ ಒರೆಸಿದರೆ ಹೋಗುತ್ತದೆ. ನಳದ ಬುಡದಿಂದಲೋ ಮೊಳೆಯಿಂದಲೋ ಇಳಿಯುವ ಕೆಂಗಂದು ಗೆರೆ ಕಬ್ಬಿಣದ ತುಕ್ಕು.

ಬಕೆಟ್ಟಿನ ಅಂಚಿನಲ್ಲಿ, ಟೈಲ್ಸಿನ ಸಂದಿನಲ್ಲಿ ಕಾಣುವ ನಸುಗೆಂಪು ಲೋಳೆ ಬಹುಮಟ್ಟಿಗೆ ಸೆರೇಶಿಯಾದಂಥ ಬ್ಯಾಕ್ಟೀರಿಯಾಗಳದು. ಆರೋಗ್ಯವಂತರಿಗೆ ಅಪಾಯ ಕಡಿಮೆ. ಆದರೆ ಕಣ್ಣಿನ ಲೆನ್ಸ್ ಮತ್ತು ತೆರೆದ ಗಾಯಗಳಿಗೆ ಅದು ತಗುಲಬಾರದು.

ಮಸಿ ಕಂಡರೆ ತಡಮಾಡಬೇಡಿ

ಕಲೆಗಳಲ್ಲೆಲ್ಲ ಅತ್ಯಂತ ಅಪಾಯದ ಸೂಚನೆ ನೀರಿನದಲ್ಲ, ಹೊಗೆಯದು. ಗ್ಯಾಸ್ ಗೀಸರಿನ ಮೇಲೆ ಅಥವಾ ಪಕ್ಕದ ಗೋಡೆಯಲ್ಲಿ ಬೆರಳಿಗೆ ಹತ್ತುವ ಒಣ ಕಪ್ಪು ಮಸಿ ಕಂಡರೆ, ಜ್ವಾಲೆ ನೀಲಿಯಿರದೆ ಹಳದಿಯಾಗಿದ್ದರೆ, ಅನಿಲ ಸರಿಯಾಗಿ ಉರಿಯುತ್ತಿಲ್ಲ ಎಂದು ಅರ್ಥ. ಆಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ತಲೆನೋವು, ತಲೆಸುತ್ತು, ವಾಂತಿ ಎಂದು ಹೊರಬರಬಹುದು, ಅಥವಾ ಒಳಗೇ ಕುಸಿದುಬೀಳಬಹುದು. ನಮ್ಮ ದೇಶದಲ್ಲಿ ಹೀಗೆ ಬಚ್ಚಲಲ್ಲೇ ಜೀವ ಬಿಟ್ಟವರಿದ್ದಾರೆ.

ಯಾರಾದರೂ ಬಿದ್ದಿದ್ದರೆ ಬಾಗಿಲು ತೆರೆದು ಕೂಡಲೇ ಬಯಲು ಗಾಳಿಗೆ ತನ್ನಿ, ಗೀಸರ್ ಬಂದ್ ಮಾಡಿ, ಆಸ್ಪತ್ರೆಗೆ ಸಾಗಿಸಿ. ಕೊರೋನಾ ಕಾಲದಲ್ಲಿ ತಂದಿಟ್ಟ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ಈ ವಿಷವನ್ನು ಅದು ಗುರುತಿಸಲಾರದು, 98 ಎಂದು ತೋರಿಸಿದರೂ ಆಶ್ಚರ್ಯವಿಲ್ಲ. ಮಸಿ ಇಲ್ಲದಿದ್ದರೂ ಈ ಅನಿಲ ಇರಬಹುದು. ಆದ್ದರಿಂದ ಗ್ಯಾಸ್ ಗೀಸರು ಬಚ್ಚಲ ಹೊರಗೆ, ಗಾಳಿಯಾಡುವ ಕಡೆಯೇ ಇರಬೇಕು. ಕಟ್ಟಿಗೆಯ ಬಂಬಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಬೂಷ್ಟಿನಿಂದ ದೇಹಕ್ಕೆ ಏನಾಗುತ್ತದೆ?

ಬೂಷ್ಟು ಗಾಳಿಗೆ ಬಿಡುವ ಸೂಕ್ಷ್ಮ ಬೀಜಕಣಗಳು ಉಸಿರಿನೊಂದಿಗೆ ಒಳಹೋಗುತ್ತವೆ. ಬಹಳ ಜನರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಸೀನು, ಮೂಗು ಸೋರುವುದು, ಕಣ್ಣುರಿ, ಒಣ ಕೆಮ್ಮು. ಅಸ್ತಮಾ ಇದ್ದವರಿಗೆ ಉಬ್ಬಸ ಹೆಚ್ಚುತ್ತದೆ. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಉಸಿರಾಟದ ತೊಂದರೆ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ.

2021ರಲ್ಲಿ ಎಲ್ಲರನ್ನೂ ಹೆದರಿಸಿದ ‘ಕಪ್ಪು ಶಿಲೀಂಧ್ರ’ ಇದೇ ಎಂದು ಅನೇಕರ ಭಯ. ಅಲ್ಲ. ಆ ರೋಗ ತರುವ ಶಿಲೀಂಧ್ರದ ಜಾತಿ ಬೇರೆ. ರೋಗಿಯಲ್ಲಿ ಕಾಣುವ ಕಪ್ಪು ಸತ್ತ ಅಂಗಾಂಶದ್ದು, ಶಿಲೀಂಧ್ರದ್ದಲ್ಲ. ಆದರೂ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರು, ಸ್ಟೆರಾಯ್ಡ್ ಅಥವಾ ಕ್ಯಾನ್ಸರ್ ಔಷಧ ತೆಗೆದುಕೊಳ್ಳುವವರು ಬೂಷ್ಟಿನ ಗೋಡೆ ತಿಕ್ಕುವ ಕೆಲಸಕ್ಕೆ ಹೋಗದಿರುವುದೇ ಲೇಸು.

ಭಯ ಬೇಡ, ಆದರೆ ಉಪೇಕ್ಷೆಯೂ ಸಲ್ಲದು. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಮನೆಯ ಬೂಷ್ಟಿಗೆ ಬಹುಕಾಲ ಒಡ್ಡಿಕೊಂಡಿದ್ದರಿಂದ ಬಂದ ಉಸಿರಾಟದ ಕಾಯಿಲೆಯೇ ಕಾರಣವೆಂದು 2022ರ ವಿಚಾರಣೆಯಲ್ಲಿ ತೀರ್ಮಾನವಾಯಿತು. ತಂದೆ 2017ರಲ್ಲೇ ದೂರಿದ್ದರು. ಆಗ ಅವರಿಗೆ ಸಿಕ್ಕ ಸಲಹೆ, ಮೇಲೆ ಬಣ್ಣ ಬಳಿಯಿರಿ ಎಂಬುದು!

ನೀವೇ ಮಾಡಬಹುದಾದ ಪರೀಕ್ಷೆ

ಟೈಲ್ಸ್ ಇಲ್ಲದ ಜಾಗದಲ್ಲಿ ಗೋಡೆಯನ್ನು ಒರೆಸಿ, ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯ ಅಂಗೈಯಗಲದ ತುಂಡನ್ನು ನಾಲ್ಕೂ ಕಡೆ ಟೇಪಿನಿಂದ ಬಿಗಿಯಾಗಿ ಅಂಟಿಸಿ. 24 ತಾಸಿನ ನಂತರ ನೋಡಿ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ತೇವ ಬಚ್ಚಲ ಹಬೆಯದು: ಕಿಂಡಿ ತೆರೆಯಿರಿ, ಸಾಧ್ಯವಿದ್ದರೆ ಗಾಳಿ ಹೊರಹಾಕುವ ಫ್ಯಾನ್ ಕೂಡ್ರಿಸಿ. ಒಳಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿದೆ: ಪ್ಲಂಬರನ್ನೋ ಗೌಂಡಿಯನ್ನೋ ಕರೆಸಿ. ಕಲೆಯ ಸುತ್ತ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಟ್ಟರೆ ಅದು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಬಾಡಿಗೆ ಮನೆಯವರಿಗೆ ಮಾಲೀಕರ ಮುಂದೆ ತೋರಿಸಲು ಅದೇ ಸಾಕ್ಷಿ.

ನೀರಿನ ದಾರಿ ಮುಚ್ಚಿದ ಮೇಲೆ ಕಲೆ ತೊಳೆಯಿರಿ. ಒಣ ಬೂಷ್ಟನ್ನು ಕೆರೆಯಬೇಡಿ, ಬೀಜಕಣ ಹಾರುತ್ತವೆ. ಮೂಗು-ಬಾಯಿಗೆ ಮಾಸ್ಕ್, ಕೈಗೆ ರಬ್ಬರ್ ಗವಸು ಹಾಕಿಕೊಂಡು ಸಾಬೂನು ನೀರಿನಲ್ಲಿ ನೆನೆಸಿ ತಿಕ್ಕಿ, ಪೂರ್ತಿ ಒಣಗಿಸಿ. ಆಮೇಲೆಯೇ ಬಣ್ಣ. ಬ್ಲೀಚಿಂಗ್ ಪೌಡರ್ ಮತ್ತು ಪಾಯಖಾನೆ ತೊಳೆಯುವ ಆಸಿಡ್ ಎರಡನ್ನೂ ಎಂದಿಗೂ ಕೂಡಿಸಬೇಡಿ. ಅವು ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ, ಸಣ್ಣ ಬಚ್ಚಲಲ್ಲಿ ಅದು ಪುಪ್ಪುಸವನ್ನೇ ಸುಡಬಲ್ಲದು.

ಮನೆಯಲ್ಲಿದ್ದಾಗ ಕೆಮ್ಮು, ಊರಿಗೆ ಹೋದಾಗ ಗುಣ, ಮರಳಿ ಬಂದರೆ ಮತ್ತೆ ಕೆಮ್ಮು ಎಂಬಂತಿದ್ದರೆ, ಅಥವಾ ಮಗುವಿಗೆ ರಾತ್ರಿ ಉಬ್ಬಸ ಬರುತ್ತಿದ್ದರೆ ವೈದ್ಯರನ್ನು ಕಾಣಿರಿ. ಕಾಣುವಾಗ ಗೋಡೆಯ ಸಂಗತಿಯನ್ನೂ ತಪ್ಪದೆ ಹೇಳಿರಿ. ಕೇಳದಿದ್ದರೆ ವೈದ್ಯರಿಗೆ ಅದು ಗೊತ್ತಾಗುವುದು ಹೇಗೆ?