ನೆತ್ತಿಗೆ ಹತ್ತಿದ ಹಾಲಿನ ಜಾಡು

ಊಟದ ನಡುವೆ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು’ ಎನ್ನುತ್ತೇವೆ. ಅಜ್ಜಿ ತಲೆ ತಟ್ಟಿ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅನ್ನುತ್ತಾಳೆ. ಅಗುಳು ಮಾತ್ರ ನೆತ್ತಿಯ ಕಡೆ ಹೋಗಿರುವುದಿಲ್ಲ. ತಪ್ಪು ದಾರಿ ಹಿಡಿದು ಶ್ವಾಸನಾಳಕ್ಕೆ ಇಳಿಯಹೊರಟಿರುತ್ತದೆ. ಕೆಮ್ಮು ಅದನ್ನು ಆಚೆ ದಬ್ಬುತ್ತದೆ. ಆ ಕೆಮ್ಮೇ ಬಾರದವರೂ ಇದ್ದಾರೆ: ಪಾರ್ಶ್ವವಾಯು ಬಡಿದವರು, ನರದೌರ್ಬಲ್ಯವಿರುವ ಕೂಸುಗಳು. ಅವರಲ್ಲಿ ಹಾಲು, ಜೊಲ್ಲು ಸದ್ದಿಲ್ಲದೆ ಶ್ವಾಸಕೋಶಕ್ಕೆ ಜಾರಿ ಮತ್ತೆ ಮತ್ತೆ ನ್ಯುಮೋನಿಯಾ ಆಗುತ್ತದೆ.

ಬೇರಿಯಂ ಕುಡಿಸಿ ಎಕ್ಸ್‌ರೇಯಲ್ಲಿ ನೋಡಿದರೆ ನುಂಗುವ ಕ್ಷಣ ಚೆನ್ನಾಗಿ ಕಾಣುತ್ತದೆ. ಆದರೆ ಅದು ಕೆಲವೇ ಗುಟುಕಿನ ಆಟ. ಕುಡಿದು ಮಲಗಿದ ಮಗುವಿನ ಹೊಟ್ಟೆಯಿಂದ ಅರ್ಧ ಗಂಟೆಯ ಮೇಲೆ ಉಕ್ಕಿಬಂದ ಹಾಲು ಅಲ್ಲಿ ಸಿಕ್ಕಿಬೀಳುವುದಿಲ್ಲ.

ಅದಕ್ಕೇ ಮಿಲ್ಕ್ ಸ್ಕ್ಯಾನ್. ಮಗು ದಿನವೂ ಕುಡಿಯುವ ಹಾಲಿಗೇ, ಗಾಮಾ ಕಿರಣ ಸೂಸುವ ಟೆಕ್ನೀಷಿಯಂ-99ಎಂ ಅಂಟಿಸಿದ ಗಂಧಕದ ಅತಿಸಣ್ಣ ಕಣಗಳನ್ನು ಬೆರೆಸುತ್ತಾರೆ. ಜಾಣತನವೆಲ್ಲ ಈ ಕಣಗಳ ಆಯ್ಕೆಯಲ್ಲಿದೆ: ಕರುಳು ಇವನ್ನು ಹೀರಿಕೊಳ್ಳದು, ರಕ್ತಕ್ಕೆ ಸೇರಿಸದು. ಹಾಗಾಗಿ ಶ್ವಾಸಕೋಶದಲ್ಲಿ ಚುಕ್ಕೆ ಹೊಳೆದರೆ ಅದು ಗಾಳಿಯ ದಾರಿಯಲ್ಲೇ ಬಂದಿರಬೇಕು.

ಹೊಳಪನ್ನು ಹಿಡಿಯುವ ಗಾಮಾ ಕ್ಯಾಮೆರಾ ತಾನು ಯಾವ ಕಿರಣವನ್ನೂ ಬಿಡುವುದಿಲ್ಲ. ಮೈಯಿಂದ ಬಂದದ್ದನ್ನು ಕಾದು ಹಿಡಿಯುತ್ತದೆ. ಸೀಸದ ರಂಧ್ರಗಳಲ್ಲಿ ನೇರವಾಗಿ ತೂರಿಬಂದ ಗಾಮಾ ಕಿರಣ ಸೋಡಿಯಂ ಅಯೊಡೈಡ್ ಹರಳಿಗೆ ತಾಗಿದಾಗ ಹರಳು ಮಿನುಗುತ್ತದೆ. ಆ ಮಿನುಗುಗಳೇ ಸೇರಿ ಚಿತ್ರವಾಗುತ್ತವೆ. 1950ರ ದಶಕದಲ್ಲಿ ಬರ್ಕ್ಲಿಯ ಹಾಲ್ ಆ್ಯಂಗರ್ ಕಟ್ಟಿದ ಉಪಕರಣವಿದು.

ಟೆಕ್ನೀಷಿಯಂ ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುವ ಸರಕು, ಕೂಡಿಡಲಾಗದು. ಆದ್ದರಿಂದ ಆಸ್ಪತ್ರೆಗೆ ಬರುವುದು ಅದರ ತಾಯಿ, 66 ಗಂಟೆಗೆ ಅರ್ಧವಾಗುವ ಮಾಲಿಬ್ಡಿನಂ-99. ಸೀಸದ ಕವಚದ ಪೆಟ್ಟಿಗೆಯೊಳಗೆ ಅದನ್ನು ಹಿಡಿದಿಟ್ಟ ಕೊಳವೆಗೆ ಉಪ್ಪುನೀರು ಹಾಯಿಸಿದರೆ ಮಗಳು ಟೆಕ್ನೀಷಿಯಂ ಕರಗಿ ಹೊರಬರುತ್ತಾಳೆ. ಪ್ರಯೋಗಾಲಯದವರ ಭಾಷೆಯಲ್ಲಿ ಆ ಪೆಟ್ಟಿಗೆ ‘ಹಸು’, ಬೆಳಗಿನ ಕೆಲಸ ‘ಹಾಲು ಕರೆಯುವುದು’. ಹಾಲಿನ ಪರೀಕ್ಷೆಗೆ ಇದಕ್ಕಿಂತ ತಕ್ಕ ಹೆಸರು ಬೇಕೆ!

ಪರೀಕ್ಷೆಯಲ್ಲಿ ಕಣ ಬೆರೆಸಿದ ಹಾಲಿನ ಹಿಂದೆಯೇ ಬೆರೆಸದ ಹಾಲನ್ನೂ ಕುಡಿಸಿ ಬಾಯಿ, ಅನ್ನನಾಳಗಳನ್ನು ತೊಳೆಯುತ್ತಾರೆ. ಅಂಗಿಯ ಮೇಲೆ ಸೋರಿದ ಒಂದು ಹನಿಯೂ ಚಿತ್ರದಲ್ಲಿ ಶ್ವಾಸಕೋಶದ ಚುಕ್ಕೆಯಂತೆಯೇ ಕಾಣುವುದರಿಂದ ಬಟ್ಟೆ ಬದಲಿಸಿ ಮತ್ತೆ ನೋಡುವುದುಂಟು. ಮೊದಲ ಒಂದು ಗಂಟೆ ಸತತ ಚಿತ್ರ. ಕೆಲವು ತಾಸುಗಳ ನಂತರ ಎದೆಯದೇ ಇನ್ನೊಂದು. ಜೊಲ್ಲಿನ ಮೇಲೆಯೇ ಅನುಮಾನವಿದ್ದರೆ ಹಾಲೂ ಬೇಡ, ಅದೇ ಕಣಗಳಿರುವ ದ್ರವದ ಒಂದು ತೊಟ್ಟು ನಾಲಿಗೆಯ ಮೇಲೆ ಸಾಕು.

ಚುಕ್ಕೆ ಕಂಡರೆ ಉತ್ತರ ಸಿಕ್ಕಂತೆ. ಕಾಣದಿದ್ದರೆ, ಹಾಲು ಆ ಹೊತ್ತಿನಲ್ಲಿ ಜಾರಲಿಲ್ಲ ಎಂದಷ್ಟೇ ವೈದ್ಯರು ಹೇಳಬಲ್ಲರು.