‘ಕನಾರ್ಟಕ’ವನ್ನು ತಿದ್ದಿದ ಅಪರಿಚಿತರು

ಲಾಕ್‌ಡೌನಿನ ವರ್ಷವಾದ 2020ರಲ್ಲಿ ಸುಮಾರು ಮೂರು ವಾರಗಳ ಕಾಲ ನನ್ನ ಕಂಪ್ಯೂಟರಿನಲ್ಲಿ ಕರ್ನಾಟಕವು ‘ಕನಾರ್ಟಕ’ವಾಗಿತ್ತು. ವರ್ಷವು ‘ವಷರ್’ ಆಗಿತ್ತು, ಅರ್ಜಿಯು ‘ಅಜಿರ್’ ಆಗಿತ್ತು. ಮೂರು ದಶಕಗಳ ಕಾಲ ಅರ್ಜಿಗಳ ನಡುವೆಯೇ ಬಾಳಿದವನಿಗೆ ಅರ್ಜಿಯೆಂಬ ಪದವೇ ಹೀಗೆ ಕಾಲು ಮುರಿದುಕೊಂಡು ನಿಂತಿದ್ದು ಎಷ್ಟು ಕಸಿವಿಸಿ ತಂದಿತೆಂಬುದನ್ನು ಓದುಗರು ಊಹಿಸಬಹುದು. ಕೊನೆಗೆ ಅದನ್ನು ತಿದ್ದಿಕೊಟ್ಟವರು ಕನ್ನಡದ ಒಂದಕ್ಷರವನ್ನೂ ಬಲ್ಲವರಲ್ಲ. ಅವರ ಮುಖವನ್ನು ನಾನು ಕಂಡಿಲ್ಲ. ನಿಜವಾದ ಹೆಸರೂ ತಿಳಿಯದು.

ಹಿನ್ನೆಲೆ ಇಷ್ಟು. ಸೇವೆಯಲ್ಲಿದ್ದಾಗ ನಾನು ಪ್ರವಾಸದ ಟಿಪ್ಪಣಿಗಳನ್ನೂ ಸಂತೆಯ ಧಾರಣೆ, ಬೆಳೆ, ಕೆರೆಗಳ ವಿವರಗಳನ್ನೂ ಬರೆದಿಡುವ ಅಭ್ಯಾಸ ಇಟ್ಟುಕೊಂಡಿದ್ದೆ. ಅವೆಲ್ಲವೂ ಇದ್ದುದು ಕನ್ನಡ ಗಣಕ ಪರಿಷತ್ತು ರೂಪಿಸಿ, ಸರ್ಕಾರಿ ಕಚೇರಿಗಳಲ್ಲೆಲ್ಲ ಬಳಕೆಗೆ ಬಂದ ‘ನುಡಿ’ಯ ಹಳೆಯ ಅಕ್ಷರವಿನ್ಯಾಸದಲ್ಲಿ. ಆ ಕಾಲಕ್ಕೆ ಅದು ನಮಗೆಲ್ಲ ವರದಾನವೇ ಆಗಿತ್ತು. ಆದರೆ ಆ ಪದ್ಧತಿಯಲ್ಲಿ ಯಂತ್ರದೊಳಗೆ ಕೂತಿರುವುದು ಕನ್ನಡವಲ್ಲ. ರೋಮನ್ ಅಕ್ಷರಗಳೂ ಇತರ ಗುರುತುಗಳೂ ಫಾಂಟ್ ಎಂಬ ವೇಷ ತೊಟ್ಟು ಕನ್ನಡವಾಗಿ ಕಾಣುತ್ತವೆ. ವೇಷ ಕಳಚಿದರೆ ಉಳಿಯುವುದು ಕಲಸುಮೇಲೋಗರ. ಇಂದಿನ ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ, ನಿಜ. ನನ್ನ ಕೋಷ್ಟಕಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಒಂದೇ ಮನೆಯಲ್ಲಿ ಬೆರೆತಿದ್ದುದರಿಂದ ಆ ಸಾಧನಗಳು ಇಂಗ್ಲಿಷಿನ ಪದಗಳನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನು ಮುಂದಿಡುತ್ತಿದ್ದವು. ಹಾಗಾಗಿ ಅರವತ್ತು ದಾಟಿದ ಮೇಲೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಲು ಕುಳಿತೆ. ಅರ್ಥಶಾಸ್ತ್ರದ ಎಂ.ಎ. ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ತೊಡಕು ಎದುರಾದದ್ದು ಅರ್ಕಾವೊತ್ತಿನಲ್ಲಿ. ನಾವು ಬರೆಯುವಾಗ ಅರ್ಕಾವೊತ್ತನ್ನು ಅಕ್ಷರದ ನಂತರ ಹಾಕುತ್ತೇವೆ. ನುಡಿಯ ಹಳೆಯ ಪದ್ಧತಿಯೂ ಹಾಗೆಯೇ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ, ಅಲ್ಲಿ ರಕಾರ ಮೊದಲು ಬರಬೇಕು. ಈ ಸ್ಥಾನಪಲ್ಲಟ ಆಗದಿದ್ದರೆ ಕರ್ನಾಟಕ ‘ಕನಾರ್ಟಕ’ವಾಗುತ್ತದೆ. ಅಂತರ್ಜಾಲದಲ್ಲಿ ಇಂಥ ಕನಾರ್ಟಕಗಳು ಇಂದಿಗೂ ಹೇರಳವಾಗಿ ಸಿಗುತ್ತವೆ.

ಬೆಂಗಳೂರಿನ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ನನ್ನ ತಂಗಿಯ ಮಗನನ್ನು ಕೇಳಿದೆ. ‘ಮಾಮ, ನಮಗೂ ಎಲ್ಲ ಬಾಯಿಪಾಠ ಬರುವುದಿಲ್ಲ. ಸಿಕ್ಕಿಹಾಕಿಕೊಂಡರೆ ನೆಟ್‌ನಲ್ಲಿ ಹುಡುಕುತ್ತೇವೆ, ಸಿಗದಿದ್ದರೆ ಅಲ್ಲೇ ಕೇಳುತ್ತೇವೆ’ ಎಂದ. ಪ್ರೋಗ್ರಾಮ್ ಬರೆಯುವವರು ಪರಸ್ಪರ ಪ್ರಶ್ನೆ ಕೇಳಿ ಉತ್ತರಿಸುವ ತಾಣವೊಂದನ್ನು ತೋರಿಸಿಕೊಟ್ಟ. ನಾನು ಅರ್ಜಿ ಬರೆದೆ. ಅರ್ಜಿ ಎನ್ನುವುದೇ ಸರಿ. ಗೌರವಾನ್ವಿತ ಮಹನೀಯರೇ ಎಂದು ಆರಂಭಿಸಿ, ನಾನು ನಿವೃತ್ತ ಅಧಿಕಾರಿಯೆಂದೂ ಈ ದಾಖಲೆಗಳ ಮಹತ್ವ ಇಂಥದೆಂದೂ ಎರಡು ಪುಟ ವಿವರಿಸಿ, ಪ್ರೋಗ್ರಾಮನ್ನು ಇಡಿಯಾಗಿ ಲಗತ್ತಿಸಿ, ‘ಅಗತ್ಯ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ’ ಎಂದು ಮುಗಿಸಿದ್ದೆ.

ಹತ್ತು ನಿಮಿಷದಲ್ಲಿ ಯಾರೋ ನನ್ನ ನಮಸ್ಕಾರವನ್ನೂ ಕೋರಿಕೆಯನ್ನೂ ಆತ್ಮಕಥೆಯನ್ನೂ ಅಳಿಸಿಹಾಕಿದರು. ಇನ್ನೊಬ್ಬರು ಮೂರು ಸಾಲು ಬರೆದರು: ನೀವು ಕೊಟ್ಟದ್ದೇನು, ಬಂದದ್ದೇನು, ಬರಬೇಕಾದದ್ದೇನು? ಮುನ್ನೂರು ಸಾಲು ಬೇಡ, ತಪ್ಪು ಕಾಣಿಸುವಷ್ಟು ಮಾತ್ರ ಕೊಡಿ. ಈವರೆಗೆ ಏನು ಪ್ರಯತ್ನಿಸಿದ್ದೀರಿ?

ಸಿಟ್ಟು ಬಂತು. ಜಿಲ್ಲಾ ಮಟ್ಟದ ಸಭೆಗಳಲ್ಲಿ ಅಧ್ಯಕ್ಷತೆ ವಹಿಸಿದವನಿಗೆ ಹೀಗೆ ಕೇಳುವುದೇ? ಕಂಪ್ಯೂಟರ್ ಮುಚ್ಚಿಟ್ಟು ಕಾಫಿ ಕುಡಿಯುತ್ತಿದ್ದಾಗ ನನ್ನದೇ ಹಳೆಯ ಷರಾ ನೆನಪಾಯಿತು: ‘ಪೂರ್ಣ ವಿವರಗಳೊಂದಿಗೆ ಮರುಮಂಡಿಸಿ.’ ಎಷ್ಟು ಕಡತಗಳನ್ನು ಈ ಮೂರು ಪದ ಬರೆದು ಕೆಳಗೆ ಕಳಿಸಿದ್ದೇನೋ ಲೆಕ್ಕವಿಲ್ಲ. ಒಂದು ವ್ಯತ್ಯಾಸವನ್ನಂತೂ ಒಪ್ಪಿಕೊಳ್ಳಬೇಕು. ಯಾವ ವಿವರ ಬೇಕೆಂದು ನಾನು ಬರೆಯುತ್ತಿರಲಿಲ್ಲ, ಇವರು ಬರೆದಿದ್ದರು.

ಅವರು ಕೇಳಿದಂತೆ ಮುನ್ನೂರು ಸಾಲನ್ನು ಹದಿನೈದಕ್ಕೆ ಇಳಿಸುವ ಹೊತ್ತಿಗೆ ಅರ್ಧ ಸಮಸ್ಯೆ ನನಗೇ ಬಗೆಹರಿಯಿತು. ಅರ್ಕಾವೊತ್ತನ್ನು ಒಂದು ಸ್ಥಾನ ಹಿಂದಕ್ಕೆ ಸರಿಸಿದಾಗ ‘ವರ್ಷ’, ‘ಧರ್ಮ’ ಸರಿಹೋದವು; ಆದರೆ ‘ಅರ್ಜಿ’, ‘ಕರ್ನಾಟಕ’ ಮೊದಲಿಗಿಂತ ಕೆಟ್ಟವು. ಪ್ರೋಗ್ರಾಮರುಗಳಲ್ಲಿ ಮೇಜಿನ ಮೇಲೆ ರಬ್ಬರಿನ ಬಾತುಕೋಳಿಯನ್ನಿಟ್ಟುಕೊಂಡು ಅದಕ್ಕೆ ತಮ್ಮ ಸಮಸ್ಯೆಯನ್ನು ಸಾಲುಸಾಲಾಗಿ ವಿವರಿಸುವ ಪರಿಪಾಠವಿದೆಯಂತೆ. 1999ರಲ್ಲಿ ಬಂದ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಎಂಬ ಪುಸ್ತಕದಿಂದ ಅದು ಪ್ರಸಿದ್ಧವಾಯಿತು. ಬಾತುಕೋಳಿ ಉತ್ತರಿಸುವುದಿಲ್ಲ, ಹೇಳುತ್ತಾ ಹೋದಂತೆ ಹೇಳುವವನಿಗೇ ತಪ್ಪು ಕಾಣುತ್ತದೆ. ಸರಿಯಾಗಿ ಪ್ರಶ್ನೆ ಕೇಳುವುದೆಂದರೆ ಅದೇ ಕೆಲಸ, ಕೇಳುಗ ಮಾತ್ರ ಜೀವಂತ.

ಮರುದಿನ ಬೆಳಿಗ್ಗೆ ಉತ್ತರ ಬಂದಿತ್ತು. ‘ಜಿ’ ಎಂಬುದು ನಿಮ್ಮ ಕಣ್ಣಿಗೆ ಒಂದಕ್ಷರ, ಯಂತ್ರಕ್ಕೆ ಎರಡು, ವ್ಯಂಜನ ಮತ್ತು ಸ್ವರಚಿಹ್ನೆ. ನೀವು ರಕಾರವನ್ನು ಅವೆರಡರ ನಡುವೆ ತುರುಕುತ್ತಿದ್ದೀರಿ. ಒಂದು ಸ್ಥಾನ ಎಂದು ಎಣಿಸಬೇಡಿ. ವ್ಯಂಜನ, ಇದ್ದರೆ ಅದರ ಒತ್ತು, ಇದ್ದರೆ ಅದರ ಸ್ವರಚಿಹ್ನೆ, ಇಷ್ಟನ್ನೂ ಒಂದು ಗುಂಪೆಂದು ಹಿಡಿದು ಅದರ ಮುಂದೆ ರಕಾರ ಇಡಿ. ಅದಕ್ಕೆ ಬೇಕಾದ ಒಂದೇ ಸಾಲಿನ ಸೂತ್ರವೂ ಜೊತೆಗಿತ್ತು. ಆಶ್ಚರ್ಯವೆಂದರೆ ನಾನು ಕೊಟ್ಟ ಉದಾಹರಣೆಗಳಲ್ಲಿ ‘ಸಾಮರ್ಥ್ಯ’ದಂಥ ಪದವೇ ಇರಲಿಲ್ಲ. ಯೂನಿಕೋಡಿನ ಕನ್ನಡ ಪಟ್ಟಿಯನ್ನು ತೆರೆದು ನೋಡಿ, ಒತ್ತಿನ ಮೇಲೆ ಅರ್ಕಾವೊತ್ತು ಬರುವ ಸಾಧ್ಯತೆಯನ್ನು ಅವರೇ ಊಹಿಸಿ ಸೂತ್ರದಲ್ಲಿ ಜಾಗ ಮಾಡಿದ್ದರು. ನಾನು ಕೃತಜ್ಞತೆಯ ಒಂದು ಪ್ಯಾರಾ ಬರೆದೆ. ಅದನ್ನೂ ಅಳಿಸಿದರು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಪ್ರಸಂಗ ನಿದ್ದೆಗೆಡಿಸುವಂಥದು. ಅವರಿಗೇಕೆ ಬೇಕಿತ್ತು ಈ ಉಸಾಬರಿ? ಜಾಶ್ ಲರ್ನರ್ ಮತ್ತು ಜಾನ್ ಟಿರೋಲ್ ಎಂಬ ಅರ್ಥಶಾಸ್ತ್ರಜ್ಞರು 2002ರ ಪ್ರಬಂಧವೊಂದರಲ್ಲಿ ಇಂಥ ಉಚಿತ ದುಡಿಮೆಗೆ ಕಾರಣ ಹುಡುಕಿದ್ದಾರೆ. ಟಿರೋಲ್ ಮುಂದೆ 2014ರಲ್ಲಿ ನೊಬೆಲ್ ಪಡೆದರು. ಸಮಾನಸ್ಕಂಧರ ಮೆಚ್ಚುಗೆ, ಮುಂದಿನ ಉದ್ಯೋಗಕ್ಕೆ ತನ್ನ ಸಾಮರ್ಥ್ಯದ ಪ್ರದರ್ಶನ ಇವು ಅವರು ಕಂಡ ಮುಖ್ಯ ಪ್ರೇರಣೆಗಳು. ಇರಬಹುದು. ಆದರೆ ಕನ್ನಡದ ಅರ್ಕಾವೊತ್ತನ್ನು ಸರಿಪಡಿಸಿದ್ದಕ್ಕೆ ಯಾವ ಕಂಪನಿಯೂ ಯಾರನ್ನೂ ಕರೆದು ಕೆಲಸ ಕೊಟ್ಟ ಹಾಗೆ ಕಾಣೆ. ನನಗೆ ಹೆಚ್ಚು ಹತ್ತಿರವೆನಿಸುವುದು ರಿಚರ್ಡ್ ಟಿಟ್ಮಸ್ 1970ರಲ್ಲಿ ರಕ್ತದಾನವನ್ನು ಕುರಿತು ಬರೆದ ಪುಸ್ತಕ. ಬ್ರಿಟನ್ನಿನಲ್ಲಿ ಜನ ಅಪರಿಚಿತರಿಗೆ ಪುಕ್ಕಟೆ ರಕ್ತ ಕೊಡುತ್ತಿದ್ದ ವ್ಯವಸ್ಥೆಯನ್ನು ಅಮೆರಿಕದ ಹಣ ಕೊಟ್ಟು ಕೊಳ್ಳುವ ವ್ಯವಸ್ಥೆಯೊಂದಿಗೆ ಹೋಲಿಸಿ, ದಾನದ ವ್ಯವಸ್ಥೆಯೇ ಮೇಲೆಂದು ಆತ ವಾದಿಸಿದ. ಯಾರಿಗೆ ಸಲ್ಲುತ್ತದೆಂದು ತಿಳಿಯದೆ ಕೊಡುವುದೂ ಮನುಷ್ಯರಿಗೆ ಬೇಕಾದ ಒಂದು ಸಂಗತಿ ಎಂಬುದು ಆತನ ನಿಲುವು.

ಈ ಜಗತ್ತಿನಲ್ಲಿ ಅತಿ ದೊಡ್ಡದೆನಿಸಿದ್ದು ಜೆಫ್ ಆ್ಯಟ್‌ವುಡ್ ಮತ್ತು ಜೋಯೆಲ್ ಸ್ಪೋಲ್‌ಸ್ಕಿ 2008ರಲ್ಲಿ ಆರಂಭಿಸಿದ ‘ಸ್ಟ್ಯಾಕ್ ಓವರ್‌ಫ್ಲೋ’. ಒಳ್ಳೆಯ ಉತ್ತರಕ್ಕೆ ಓದುಗರು ಮತ ಹಾಕುತ್ತಾರೆ, ಬರೆದವರಿಗೆ ಅಂಕ ಸಿಗುತ್ತದೆ. ಅಂಕ ಹೆಚ್ಚಿದಂತೆ ಇತರರ ಬರಹ ತಿದ್ದುವ ಅಧಿಕಾರವೂ ಸಿಗುತ್ತದೆ. ಹಣವಿಲ್ಲ. 2021ರಲ್ಲಿ ಪ್ರೋಸಸ್ ಎಂಬ ಕಂಪನಿ ಇದನ್ನು 180 ಕೋಟಿ ಡಾಲರಿಗೆ ಕೊಂಡಾಗ ಉತ್ತರ ಬರೆದ ಲಕ್ಷಾಂತರ ಜನರಿಗೆ ಅದರಲ್ಲಿ ಚಿಕ್ಕಾಸೂ ಇರಲಿಲ್ಲ. ಆದರೂ ಬರೆಯುತ್ತಿದ್ದರು. ಅವರು ಬರೆದದ್ದು ಯಾರು ಬೇಕಾದರೂ ಹೆಸರು ಹೇಳಿ ಬಳಸಿಕೊಳ್ಳಬಹುದಾದ ಮುಕ್ತ ಪರವಾನಗಿಯಡಿ ಇತ್ತು. ಒಬ್ಬ ಕೇಳಿದ ಪ್ರಶ್ನೆಯ ಉತ್ತರ, ಕೇಳದೆ ಹುಡುಕಿಕೊಂಡು ಬಂದ ಸಾವಿರ ಜನಕ್ಕೆ ಸಿಗುತ್ತಿತ್ತು. ಬಳಸಿದಷ್ಟೂ ಸವೆಯದ ಸರಕು ಎಂದು ನಮ್ಮ ಪಠ್ಯಪುಸ್ತಕಗಳು ಹೇಳುವುದು ಇದನ್ನೇ.

ಎಲ್ಲವೂ ಹಾಲುಜೇನಾಗಿತ್ತೆಂದಲ್ಲ. ಹೊಸಬರನ್ನು ಗದರಿಸಿ ಓಡಿಸುವ ಚಾಳಿ ಅಲ್ಲಿ ಬೆಳೆದಿತ್ತು. ತಮ್ಮಲ್ಲಿ ಸ್ವಾಗತದ ಭಾವ ಸಾಲದೆಂದು ಸ್ವತಃ ಆ ಸಂಸ್ಥೆಯೇ 2018ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲಂತೂ ಪ್ರಶ್ನೆಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಯಂತ್ರ ಗದರಿಸುವುದಿಲ್ಲ, ಅರ್ಧರಾತ್ರಿಯಲ್ಲೂ ಸಿದ್ಧ. ನಾನೂ ಪರೀಕ್ಷಿಸಿದೆ. ಅದೇ ಕನಾರ್ಟಕದ ಸಮಸ್ಯೆಯನ್ನು ಮುಂದಿಟ್ಟಾಗ, ಬಹಳ ಒಳ್ಳೆಯ ಪ್ರಶ್ನೆ ಎಂದು ಹೊಗಳಿ ಒಂದು ನಿಮಿಷದೊಳಗೆ ಸರಿಯಾದ ಸೂತ್ರ ಕೊಟ್ಟಿತು. ಆ ಸೂತ್ರ ನನ್ನ ಅಪರಿಚಿತ ಮಿತ್ರರ ಸೂತ್ರದ ಒಡಹುಟ್ಟಿನಂತಿತ್ತು.

ಅದರಲ್ಲಿ ಆಶ್ಚರ್ಯವೇನಿಲ್ಲ. ಇಂಥ ಯಂತ್ರಗಳು ಕಲಿತದ್ದು ಅಂತರ್ಜಾಲದಲ್ಲಿ ಮನುಷ್ಯರು ಬರೆದಿಟ್ಟ ಬರಹಗಳಿಂದ. ಪ್ರೋಗ್ರಾಮಿಂಗಿನ ಪ್ರಶ್ನೋತ್ತರಗಳು ಅದರಲ್ಲಿ ಮುಖ್ಯವಾದ ಪಾಲು. 2024ರ ಮೇ ತಿಂಗಳಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಸಂಸ್ಥೆ ಚಾಟ್‌ಜಿಪಿಟಿಯ ಒಡೆಯರಾದ ಓಪನ್‌ಎಐ ಜೊತೆ ಒಪ್ಪಂದವನ್ನೂ ಪ್ರಕಟಿಸಿತು. ಕೆಲವರು ಪ್ರತಿಭಟಿಸಿ ತಮ್ಮ ಹಳೆಯ ಉತ್ತರಗಳನ್ನು ಅಳಿಸಹೊರಟರು. ನಾನು ಅವರ ನೋವನ್ನು ಬಲ್ಲೆ, ಅಳಿಸುವುದನ್ನು ಒಪ್ಪಲಾರೆ. ದಾನ ಕೊಟ್ಟ ಬಾವಿಗೆ ಮಣ್ಣು ತುಂಬಿದರೆ ಮೊದಲು ಬಾಯಾರುವವನು ದಾರಿಹೋಕನೇ ಹೊರತು ಧಣಿಯಲ್ಲ.

ಕೋಲಾರದಲ್ಲಿದ್ದ ದಿನಗಳು ಇಲ್ಲಿ ನೆನಪಾಗುತ್ತವೆ. ಆ ಜಿಲ್ಲೆಗೆ ನದಿಯ ಆಸರೆಯಿಲ್ಲ. ಹಿಂದಿನವರು ಕಟ್ಟಿದ ಕೆರೆಗಳೇ ಆಧಾರ. ನೀರು ಹಂಚಲು ನೀರುಗಂಟಿ ಇದ್ದ, ಹೂಳೆತ್ತಲು ಊರಿಗೆ ಊರೇ ಸೇರುತ್ತಿತ್ತು, ಜಗಳವೂ ಆಗುತ್ತಿತ್ತು. ಬೋರ್‌ವೆಲ್ ಬಂತು. ತನ್ನ ಹೊಲದಲ್ಲೇ, ತನ್ನ ಗುಂಡಿ ಒತ್ತಿದರೆ ನೀರು. ನೀರುಗಂಟಿಯ ಮುಖ ನೋಡಬೇಕಿಲ್ಲ. ಯಾವ ರೈತನನ್ನೂ ಅದಕ್ಕಾಗಿ ದೂರುವಂತಿಲ್ಲ. ಆದರೆ ಕೆರೆಗೆ ಬರುವವರು ಕಡಿಮೆಯಾದಂತೆ ಹೂಳು ತುಂಬಿತು, ರಾಜಕಾಲುವೆ ಒತ್ತುವರಿಯಾಯಿತು. ಬೋರ್‌ವೆಲ್‌ಗೆ ನೀರು ಇಂಗುತ್ತಿದ್ದುದು ಅದೇ ಕೆರೆಯಿಂದ ಎಂಬುದು ತಿಳಿಯುವ ವೇಳೆಗೆ ಸಾವಿರ ಅಡಿ ಕೊರೆದರೂ ದೂಳು ಏಳುತ್ತಿತ್ತು.

ಜಾವಾ, ಪೈಥಾನ್‌ಗಳ ಮಟ್ಟಿಗೆ ಹಳೆಯ ನೀರು ಇನ್ನೂ ಬಹುಕಾಲ ಸಾಕಾದೀತು. ನನ್ನ ಚಿಂತೆ ಕನ್ನಡದ್ದು. ನಮ್ಮ ಲಿಪಿಯ ತೊಡಕುಗಳ ಬಗ್ಗೆ ಬಹಿರಂಗವಾಗಿ ಬರೆದಿಟ್ಟ ಪ್ರಶ್ನೋತ್ತರ ಮೊದಲೇ ಕಡಿಮೆ. ಈಗ ಯಾವ ಗುಮಾಸ್ತನೋ ಯಾವ ವಿದ್ಯಾರ್ಥಿಯೋ ಯಂತ್ರದ ಕಿವಿಯಲ್ಲಿ ಪಿಸುಗುಟ್ಟಿ ಉತ್ತರ ಪಡೆದು ಕಿಟಕಿ ಮುಚ್ಚಿದರೆ, ಅದು ಇನ್ನೊಬ್ಬ ಕನ್ನಡಿಗನ ಕಣ್ಣಿಗೆ ಬೀಳುವುದೇ ಇಲ್ಲ. ತಪ್ಪು ಉತ್ತರವಾಗಿದ್ದರಂತೂ ತಿದ್ದುವವರೂ ಇಲ್ಲ.

ಕಳೆದ ತಿಂಗಳು ಇನ್ನೊಂದು ತೊಡಕು ಬಂತು. ಊರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದಾಗ ‘ಕಳಸ’ವು ‘ಕಸಬಾ’ಕ್ಕಿಂತ ಮೊದಲು ಬಂದು ಕೂತಿತು. ಯೂನಿಕೋಡಿನಲ್ಲಿ ಳಕಾರದ ಸ್ಥಾನ ಲಕಾರದ ಬೆನ್ನಿಗೆ. ನಮ್ಮ ನಿಘಂಟುಗಳಲ್ಲಿ ಹಕಾರದ ನಂತರ. ಯಂತ್ರ ಪರಿಹಾರ ಕೊಟ್ಟಿತು. ಅದನ್ನು ನನ್ನ ಪಟ್ಟಿಯ ಮೇಲೆ ಪ್ರಯೋಗಿಸಿ, ಎರಡು ಕಡೆ ತಿದ್ದಿ, ಪ್ರಶ್ನೆಯನ್ನೂ ಉತ್ತರವನ್ನೂ ನನ್ನದೇ ಮಾತಿನಲ್ಲಿ ಬರೆದು ಬಹಿರಂಗವಾಗಿ ಹಾಕಿದೆ. ನಮಸ್ಕಾರ ಬರೆಯಲಿಲ್ಲ. ಹನ್ನೊಂದು ದಿನಗಳಲ್ಲಿ ಅದನ್ನು ನೋಡಿದವರು ಹದಿನಾಲ್ಕು ಮಂದಿ. ಅದರಲ್ಲಿ ನಾನೇ ಎಷ್ಟು ಸಲ ಇಣುಕಿದ್ದೇನೆಂದು ಹೇಳಲು ನಾಚಿಕೆ. ನಿನ್ನೆ ಸಂಜೆ ಯಾರೋ ಅದರ ಕೆಳಗೆ ಒಂದೇ ಸಾಲು ಬರೆದಿದ್ದಾರೆ: ಳಕಾರ ಕೊನೆಯಲ್ಲಿ ಬರಬೇಕೆನ್ನಲು ಆಧಾರವೇನು? ಅಟ್ಟದ ಮೇಲಿದ್ದ ಸಾಹಿತ್ಯ ಪರಿಷತ್ತಿನ ನಿಘಂಟಿನ ಸಂಪುಟಗಳನ್ನು ಇಳಿಸಿ ದೂಳು ಒರೆಸುತ್ತಿದ್ದೇನೆ.